ರೇಡಿಯೋದಲ್ಲಿ ಹುಟ್ಟಿದ ‘ಬಿಗ್ ಬ್ಯಾಂಗ್’: ಕಥೆಗಾರ ವಿಜ್ಞಾನಿ ಫ್ರೆಡ್ ಹಾಯ್ಲ್ ಮತ್ತು ಅವರ ಮುಂಬಯಿ ಶಿಷ್ಯ



‘ಬಿಗ್ ಬ್ಯಾಂಗ್’ ಎಂಬ ಮಾತನ್ನು ಕೇಳದವರು ಇಂದು ಅಪರೂಪ. ಮಕ್ಕಳ ಶಾಲೆಯ ಪುಸ್ತಕದಲ್ಲಿ ಅದಿದೆ. ಟಿವಿ ಧಾರಾವಾಹಿಯೊಂದರ ಹೆಸರಿನಲ್ಲಿದೆ. ಅಂಗಡಿಗಳ ರಿಯಾಯಿತಿ ಮಾರಾಟದ ಬೋರ್ಡಿನ ಮೇಲೂ ಆಗಾಗ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ನಾವು ಅದನ್ನು ‘ಮಹಾಸ್ಫೋಟ’ ಎನ್ನುತ್ತೇವೆ. ಆದರೆ ಈ ಮಾತು ಹುಟ್ಟಿದ್ದು ಪ್ರಯೋಗಶಾಲೆಯಲ್ಲೂ ಅಲ್ಲ, ವಿಶ್ವವಿದ್ಯಾಲಯದ ತರಗತಿಯಲ್ಲೂ ಅಲ್ಲ. ಅದು ಹುಟ್ಟಿದ್ದು ರೇಡಿಯೋದಲ್ಲಿ! 1949ರ ಮಾರ್ಚ್ 28ರಂದು ಬಿಬಿಸಿಯ ‘ಥರ್ಡ್ ಪ್ರೋಗ್ರಾಂ’ನಲ್ಲಿ ಭಾಷಣ ಮಾಡುತ್ತಿದ್ದ ಖಗೋಳ ವಿಜ್ಞಾನಿಯೊಬ್ಬರ ಬಾಯಿಂದ ಅದು ಬಂತು. ತಮಾಷೆಯೆಂದರೆ, ಆ ಸಿದ್ಧಾಂತಕ್ಕೆ ಹೆಸರು ಕೊಟ್ಟ ಅವರು ಅದನ್ನು ಕೊನೆಯ ಉಸಿರಿನ ತನಕ ಒಪ್ಪಲಿಲ್ಲ.

ಅವರೇ ಸರ್ ಫ್ರೆಡ್ ಹಾಯ್ಲ್. ಇಪ್ಪತ್ತನೆಯ ಶತಮಾನದ ದೊಡ್ಡ ಖಗೋಳ ವಿಜ್ಞಾನಿ, ಜೊತೆಗೆ ಬ್ರಿಟನ್ನಿನ ಹೆಸರಾಂತ ವಿಜ್ಞಾನ ಕಾದಂಬರಿಕಾರ. ದಹಿಸರ್‌ನ ನಮಗೆ ಇಂಗ್ಲೆಂಡಿನ ಈ ಮಹಾಶಯರಿಂದ ಏನಾಗಬೇಕು ಎಂದು ಕೇಳುವಿರೇನೋ. ಆಗಬೇಕಾದದ್ದು ಇದೆ. ಇವರ ಶಿಷ್ಯರೊಬ್ಬರು ನಮ್ಮ ಇದೇ ಮುಂಬಯಿಗೆ ಬಂದು, ಕೊಲಾಬಾದ ಸಂಶೋಧನಾ ಸಂಸ್ಥೆಯಲ್ಲಿ ದುಡಿಯುತ್ತ, ತಮ್ಮ ಮಾತೃಭಾಷೆಯಲ್ಲಿ ವಿಜ್ಞಾನ ಕಥೆ ಬರೆದರು. ಅದೂ ಹೆಸರು ಮುಚ್ಚಿಟ್ಟು! ಈ ಗುರು ಶಿಷ್ಯರ ಬದುಕನ್ನು ಒಟ್ಟಿಗೆ ಇಟ್ಟು ನೋಡಿದರೆ, ಮನೆಮಾತಿನಲ್ಲಿ ವಿಜ್ಞಾನ ಹೇಳುವುದು ಏಕೆ ಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ.

ಉಣ್ಣೆಯ ನಾಡಿನ ಹುಡುಗ

ಫ್ರೆಡ್ ಹಾಯ್ಲ್ ಹುಟ್ಟಿದ್ದು 1915ರ ಜೂನ್ 24ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬಿಂಗ್ಲಿ ಪಟ್ಟಣದ ಬಳಿಯ ಗಿಲ್‌ಸ್ಟೆಡ್ ಎಂಬ ಹಳ್ಳಿಯಲ್ಲಿ. ಅದು ಉಣ್ಣೆ ಗಿರಣಿಗಳ ಸೀಮೆ. ತಂದೆಯದು ಉಣ್ಣೆಯ ವ್ಯಾಪಾರ. ತಾಯಿ ಸಂಗೀತ ಬಲ್ಲವರು. ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರಿನಲ್ಲಿ ಪಿಯಾನೋ ನುಡಿಸಿದವರು. ಹುಡುಗನಿಗೆ ಶಾಲೆಯೆಂದರೆ ಅಷ್ಟಕ್ಕಷ್ಟೆ. ಶಾಲೆ ತಪ್ಪಿಸಿ ಕಾಲುವೆಯ ದಂಡೆ, ಗಿರಣಿಗಳ ಸುತ್ತಮುತ್ತ ಅಲೆಯುವುದೇ ಹೆಚ್ಚು. ಆದರೂ ಲೆಕ್ಕದಲ್ಲಿ ಚುರುಕು. ವಿದ್ಯಾರ್ಥಿವೇತನದ ಬಲದಿಂದ ಓದಿ ಕೇಂಬ್ರಿಜ್‌ನ ಇಮ್ಯಾನ್ಯುಯೆಲ್ ಕಾಲೇಜು ಸೇರಿದರು.

ಎರಡನೆಯ ಮಹಾಯುದ್ಧ ಬಂದಾಗ ಅವರಿಗೆ ಸಿಕ್ಕಿದ್ದು ಬ್ರಿಟಿಷ್ ನೌಕಾಪಡೆಗಾಗಿ ರಾಡಾರ್ ಸಂಶೋಧನೆ ಮಾಡುವ ಕೆಲಸ. ರೇಡಿಯೋ ಅಲೆಯನ್ನು ಕಳಿಸಿ, ಅದು ವಿಮಾನಕ್ಕೋ ಹಡಗಿಗೋ ಬಡಿದು ಹಿಂದಿರುಗುವುದನ್ನು ಹಿಡಿಯುವ ಉಪಕರಣವೇ ರಾಡಾರ್. ಅಲ್ಲಿ ಅವರಿಗೆ ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಎಂಬ ಇಬ್ಬರು ತರುಣರು ಜೊತೆಯಾದರು. ಇಬ್ಬರೂ ವಿಯೆನ್ನಾದಲ್ಲಿ ಹುಟ್ಟಿದವರು. ಹಗಲು ರಾಡಾರ್, ರಾತ್ರಿ ವಿಶ್ವದ ಹುಟ್ಟಿನ ಚರ್ಚೆ! ಈ ಸ್ನೇಹದಿಂದಲೇ 1948ರಲ್ಲಿ ‘ಸ್ಥಿರಸ್ಥಿತಿ ಸಿದ್ಧಾಂತ’ ಹೊರಬಂತು.

ಮಾತಿನಿಂದ ಬಿಡಿಸಿದ ಚಿತ್ರ

ವಿಶ್ವ ಹಿಗ್ಗುತ್ತಿದೆ, ಗೆಲಾಕ್ಸಿಗಳು ಒಂದರಿಂದ ಒಂದು ದೂರ ಸರಿಯುತ್ತಿವೆ ಎಂಬುದು ಆ ಹೊತ್ತಿಗೆ ಗೊತ್ತಾಗಿತ್ತು. ಹಾಗಾದರೆ ಹಿಂದೆ ಎಲ್ಲವೂ ಹತ್ತಿರವಿತ್ತು, ಒಂದು ಕ್ಷಣದಲ್ಲಿ ಎಲ್ಲ ಶುರುವಾಯಿತು ಎಂದು ಬೆಲ್ಜಿಯಂನ ಪಾದ್ರಿ ಹಾಗೂ ವಿಜ್ಞಾನಿ ಲೆಮೆತ್ರ್, ಅವರ ನಂತರ ಜಾರ್ಜ್ ಗ್ಯಾಮೋ ವಾದಿಸಿದರು. ಹಾಯ್ಲ್ ಮತ್ತು ಗೆಳೆಯರು ಇದನ್ನು ಒಪ್ಪಲಿಲ್ಲ. ವಿಶ್ವಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಗೆಲಾಕ್ಸಿಗಳು ದೂರವಾದಂತೆ ಖಾಲಿಯಾದ ಜಾಗದಲ್ಲಿ ಹೊಸ ದ್ರವ್ಯ ಬಲು ನಿಧಾನವಾಗಿ ಹುಟ್ಟುತ್ತಲೇ ಇರುತ್ತದೆ ಎಂದರು.

ನಮ್ಮ ಲೋಕಲ್ ರೈಲಿನ ಭಾಷೆಯಲ್ಲಿ ಹೇಳುವುದಾದರೆ, ಸಂಜೆಯ ಹೊತ್ತು ಅಂಧೇರಿ ಸ್ಟೇಷನ್ನಿನ ಸೇತುವೆಯನ್ನು ನೆನೆಯಿರಿ. ಜನ ಇಳಿದು ಹೋಗುತ್ತಲೇ ಇರುತ್ತಾರೆ, ಆದರೂ ಸೇತುವೆ ಖಾಲಿಯಾಗುವುದಿಲ್ಲ. ಐದು ಗಂಟೆಗೆ ನೋಡಿದರೂ ಏಳು ಗಂಟೆಗೆ ನೋಡಿದರೂ ಅದೇ ಜನಜಂಗುಳಿ. ಮುಖಗಳು ಬೇರೆ, ಗುಂಪು ಅದೇ. ಹಾಯ್ಲ್ ಅವರ ವಿಶ್ವವೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಸೇತುವೆಗೆ ಹೊಸ ಜನ ರೈಲಿನಿಂದ ಬರುತ್ತಾರೆ. ಅವರ ವಿಶ್ವದಲ್ಲಿ ಹೊಸ ದ್ರವ್ಯ ಅಲ್ಲಲ್ಲೇ ಹುಟ್ಟಬೇಕು.

ಈ ಎರಡು ವಾದಗಳ ವ್ಯತ್ಯಾಸವನ್ನು 1949ರ ಆ ಸಂಜೆ ಅವರು ರೇಡಿಯೋ ಕೇಳುಗರಿಗೆ ವಿವರಿಸಬೇಕಿತ್ತು. ರೇಡಿಯೋದಲ್ಲಿ ಕಪ್ಪುಹಲಗೆ ಇಲ್ಲ, ಚಿತ್ರವಿಲ್ಲ. ಮಾತೇ ಚಿತ್ರವಾಗಬೇಕು. ಎದುರಾಳಿಗಳ ವಾದವನ್ನು ಅವರು ಎರಡೇ ಪದದಲ್ಲಿ ಹಿಡಿದಿಟ್ಟರು: ‘ಬಿಗ್ ಬ್ಯಾಂಗ್’. ಭಾಷಣವು ಬಿಬಿಸಿಯ ‘ದಿ ಲಿಸನರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇದು ಗೇಲಿಯ ಮಾತು ಎಂದು ಹಲವರು ತಿಳಿದರು. ಗೇಲಿಯಲ್ಲ, ಕೇಳುಗರ ಕಣ್ಣಿಗೆ ಕಟ್ಟುವಂತೆ ಹೇಳಿದ್ದು ಎಂದು ಹಾಯ್ಲ್ ಆಮೇಲೆ ಸ್ಪಷ್ಟಪಡಿಸಿದರು. 1950ರಲ್ಲಿ ‘ದಿ ನೇಚರ್ ಆಫ್ ದಿ ಯೂನಿವರ್ಸ್’ ಎಂಬ ಅವರ ಭಾಷಣ ಮಾಲೆ ಪ್ರಸಾರವಾಗಿ ಮನೆಮಾತಾಯಿತು; ಪುಸ್ತಕವೂ ಆಯಿತು. ಕಷ್ಟದ ವಿಷಯವನ್ನು ಕೇಳುವವರ ಭಾಷೆಯಲ್ಲಿ ಹೇಳುವ ಕಲೆ ಅವರಿಗೆ ಒಲಿದಿತ್ತು.

ನಕ್ಷತ್ರದ ಒಲೆಯಲ್ಲಿ ಇಂಗಾಲ

ಹಾಯ್ಲ್ ಬರೀ ಮಾತುಗಾರರಲ್ಲ. ವಿಜ್ಞಾನ ಅವರನ್ನು ಇಂದಿಗೂ ನೆನೆಯುವುದು ಇನ್ನೊಂದು ಕೆಲಸಕ್ಕೆ. ನಮ್ಮ ಮೈಯಲ್ಲಿ, ಇಡ್ಲಿಯ ಅಕ್ಕಿಯಲ್ಲಿ, ಒಲೆಯ ಇದ್ದಿಲಲ್ಲಿ ಇರುವ ಇಂಗಾಲ ಎಲ್ಲಿಂದ ಬಂತು? ನಕ್ಷತ್ರಗಳ ಒಡಲಿನಿಂದ ಎಂದರು ಅವರು. ಆದರೆ ಒಂದು ತೊಡಕಿತ್ತು. ಇಂಗಾಲವಾಗಲು ಮೂರು ಹೀಲಿಯಂ ಬೀಜಗಳು ಕೂಡಬೇಕು. ಮೊದಲು ಎರಡು ಕೂಡಿದರೆ ಆಗುವ ಬೆರಿಲಿಯಂ, ಕಣ್ಣು ಮಿಟುಕಿಸುವ ಕಾಲದ ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟೂ ಬಾಳದೆ ಒಡೆದುಹೋಗುತ್ತದೆ. ಅಷ್ಟರಲ್ಲಿ ಮೂರನೆಯದು ಬಂದು ಸೇರುವುದು ಹೇಗೆ?

ರೇಡಿಯೋ ಕೇಳುವವರಿಗೆ ಇದರ ಉತ್ತರ ಅರ್ಥವಾಗುವುದು ಸುಲಭ. ಗಾಳಿಯಲ್ಲಿ ನೂರಾರು ಅಲೆಗಳಿದ್ದರೂ, ನಾವು ಗುಂಡಿ ತಿರುಗಿಸಿ ಸರಿಯಾದ ಜಾಗಕ್ಕೆ ತಂದಾಗ ಮಾತ್ರ ನಿಲಯದ ಧ್ವನಿ ಸ್ಪಷ್ಟವಾಗುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ಇಂಗಾಲದ ಬೀಜದಲ್ಲೂ ಸರಿಯಾದ ಜಾಗದಲ್ಲಿ ಇಂಥದೊಂದು ಶಕ್ತಿಯ ಮಟ್ಟ ಇದ್ದರೆ ಮೂರು ಹೀಲಿಯಂಗಳು ಥಟ್ಟನೆ ಹೊಂದಿಕೊಳ್ಳುತ್ತವೆ. ಹಾಯ್ಲ್ ಹಿಂದುಮುಂದಾಗಿ ತರ್ಕಿಸಿದರು: ನಾವು ಇದ್ದೇವೆ, ಅಂದಮೇಲೆ ಇಂಗಾಲ ಇದೆ, ಅಂದಮೇಲೆ ಆ ಮಟ್ಟ ಇರಲೇಬೇಕು! 1953ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋಗಿ, ಪ್ರಯೋಗ ಮಾಡಿ ನೋಡಿ ಎಂದು ವಿಲಿಯಂ ಫೌಲರ್ ಅವರ ಬಳಗವನ್ನು ಒಪ್ಪಿಸಿದರು. ಸುಮಾರು 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಬಳಿ ಆ ಮಟ್ಟ ಸಿಕ್ಕೇಬಿಟ್ಟಿತು. ಅದನ್ನು ಇಂದಿಗೂ ‘ಹಾಯ್ಲ್ ಸ್ಥಿತಿ’ ಎಂದೇ ಕರೆಯುತ್ತಾರೆ. 1957ರಲ್ಲಿ ಬರ್ಬಿಜ್ ದಂಪತಿಗಳು, ಫೌಲರ್ ಮತ್ತು ಹಾಯ್ಲ್ ಸೇರಿ, ಧಾತುಗಳು ನಕ್ಷತ್ರಗಳಲ್ಲಿ ಹೇಗೆ ತಯಾರಾಗುತ್ತವೆ ಎಂಬ ಪ್ರಸಿದ್ಧ ಪ್ರಬಂಧ ಬರೆದರು.

ಮಾತಾಡುವ ಮೋಡ

ಅದೇ 1957ರಲ್ಲಿ ಹಾಯ್ಲ್ ಅವರ ಮೊದಲ ಕಾದಂಬರಿ ‘ದಿ ಬ್ಲ್ಯಾಕ್ ಕ್ಲೌಡ್’ ಪ್ರಕಟವಾಯಿತು. ಬಾಹ್ಯಾಕಾಶದಿಂದ ಭಾರಿ ಅನಿಲದ ಮೋಡವೊಂದು ಸೂರ್ಯನ ಕಡೆ ಬರುತ್ತದೆ. ಬಿಸಿಲು ಅಡಗುತ್ತದೆ, ಭೂಮಿಯಲ್ಲಿ ಹಾಹಾಕಾರ. ಆಮೇಲೆ ಗೊತ್ತಾಗುತ್ತದೆ, ಆ ಮೋಡಕ್ಕೆ ಜೀವವಿದೆ, ಬುದ್ಧಿಯೂ ಇದೆ! ವಿಜ್ಞಾನಿಗಳು ಅದರೊಡನೆ ರೇಡಿಯೋ ಅಲೆಗಳ ಮೂಲಕ ಮಾತಿಗಿಳಿಯುತ್ತಾರೆ. ಗ್ರಹಗಳಂಥ ಸಣ್ಣ ಜಾಗದಲ್ಲೂ ಬುದ್ಧಿಯುಳ್ಳ ಜೀವಿಗಳಿವೆಯೇ ಎಂದು ಬೆರಗಾಗುವ ಸರದಿ ಮೋಡದ್ದು. ರಾಜಕಾರಣಿಗಳ ಆತುರ, ವಿಜ್ಞಾನಿಗಳ ಅಹಂಕಾರ ಎರಡನ್ನೂ ಹಾಯ್ಲ್ ಇಲ್ಲಿ ಬಿಡದೆ ತೋರಿಸಿದ್ದಾರೆ.

1961ರಲ್ಲಿ ಜಾನ್ ಎಲಿಯಟ್ ಜೊತೆ ಸೇರಿ ಬಿಬಿಸಿ ಟಿವಿಗಾಗಿ ‘ಎ ಫಾರ್ ಆಂಡ್ರೊಮಿಡಾ’ ಬರೆದರು. ದೂರದ ಆಂಡ್ರೊಮಿಡಾದಿಂದ ರೇಡಿಯೋ ಸಂದೇಶ ಬರುತ್ತದೆ. ಬಿಡಿಸಿ ನೋಡಿದರೆ ಅದೊಂದು ಕಂಪ್ಯೂಟರ್ ಕಟ್ಟುವ ವಿಧಾನ. ಕಟ್ಟಿದ ಕಂಪ್ಯೂಟರ್ ಯಾರ ಆಳು, ಯಾರ ಯಜಮಾನ ಎಂಬುದೇ ಕಥೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಪ್ರಶ್ನೆ ಇಂದಿನ ಕೃತಕ ಬುದ್ಧಿಮತ್ತೆಯ ದಿನಗಳಲ್ಲಿ ಹಳತೆನಿಸುವುದಿಲ್ಲ. ಮುಂದೆ ಮಗ ಜೆಫ್ರಿಯೊಡನೆ ಸೇರಿಯೂ ಅನೇಕ ಕಾದಂಬರಿಗಳನ್ನು ಬರೆದರು. ದೊಡ್ಡ ವಿಜ್ಞಾನಿಗೆ ಕಥೆ ಬರೆಯುವ ಉಸಾಬರಿ ಏಕೆ ಎಂಬ ಸಂಕೋಚ ಅವರನ್ನು ತಡೆಯಲಿಲ್ಲ.

ಸೋಲು, ಮುನಿಸು

ಸ್ಥಿರಸ್ಥಿತಿ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ರೇಡಿಯೋದಿಂದಲೇ. ಅಮೆರಿಕದ ಬೆಲ್ ಪ್ರಯೋಗಾಲಯದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಷ್ಟು ಮಾಡಿದರೂ ಹೋಗದ ಒಂದು ಗೊರಗೊರ ಸದ್ದನ್ನು ಗುರುತಿಸಿದರು. ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ ಅದೇ ಸದ್ದು. ಅದು ವಿಶ್ವದ ಎಳೆಯ, ಬಿಸಿಯ ದಿನಗಳಿಂದ ಉಳಿದು ಬಂದ ವಿಕಿರಣ ಎಂದು 1965ರಲ್ಲಿ ಪ್ರಕಟವಾಯಿತು. ಬಹುಪಾಲು ವಿಜ್ಞಾನಿಗಳು ಮಹಾಸ್ಫೋಟದ ಕಡೆ ಸರಿದರು. ಹಾಯ್ಲ್ ಸರಿಯಲಿಲ್ಲ.

ಕೇಂಬ್ರಿಜ್‌ನಲ್ಲಿ 1966ರಲ್ಲಿ ಅವರು ಕಟ್ಟಿ ಬೆಳೆಸಿದ ಸೈದ್ಧಾಂತಿಕ ಖಗೋಳ ವಿಜ್ಞಾನ ಸಂಸ್ಥೆಯ ಸುತ್ತ ಆಡಳಿತದ ತಿಕ್ಕಾಟಗಳಾಗಿ, 1972ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ‘ಸರ್’ ಪದವಿ ಬಂದದ್ದೂ ಅದೇ ವರ್ಷ. 1983ರಲ್ಲಿ ನಕ್ಷತ್ರಗಳಲ್ಲಿ ಧಾತುಗಳು ತಯಾರಾಗುವ ಕುರಿತ ಕೆಲಸಕ್ಕೆ ಫೌಲರ್ ಅವರಿಗೆ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಜೊತೆಯಲ್ಲಿ, ನೊಬೆಲ್ ಬಂತು. ದಾರಿ ತೋರಿಸಿದ ಹಾಯ್ಲ್ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಏಕೆ ಎಂಬ ಚರ್ಚೆ ಇನ್ನೂ ನಿಂತಿಲ್ಲ. 1997ರಲ್ಲಿ ಕ್ರಾಫೋರ್ಡ್ ಪ್ರಶಸ್ತಿ ದೊರೆಯಿತು. 2001ರ ಆಗಸ್ಟ್ 20ರಂದು ತೀರಿಕೊಂಡರು.

ಅವರ ಎಲ್ಲ ಮಾತೂ ಸರಿಯಾಗಿತ್ತೆಂದಲ್ಲ. ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಅವರ ಜೊತೆ ಸೇರಿ, ಜೀವದ ಬೀಜಗಳು ಧೂಮಕೇತುಗಳ ಮೂಲಕ ಭೂಮಿಗೆ ಬಂದವು, ಫ್ಲೂ ಕಾಯಿಲೆಯೂ ಆಕಾಶದಿಂದಲೇ ಬರುತ್ತದೆ ಎಂದರು. ಫ್ಲೂ ಕುರಿತ ಮಾತನ್ನು ವೈದ್ಯವಿಜ್ಞಾನ ಒಪ್ಪಲಿಲ್ಲ. ಒಬ್ಬನೇ ಮನುಷ್ಯ ಒಂದು ವಿಷಯದಲ್ಲಿ ಅದ್ಭುತವಾಗಿ ಸರಿ, ಇನ್ನೊಂದರಲ್ಲಿ ತಪ್ಪು ಆಗಿರಬಹುದು ಎಂಬುದಕ್ಕೆ ಹಾಯ್ಲ್ ಉದಾಹರಣೆ. ಎಷ್ಟು ದೊಡ್ಡವರು ಹೇಳಿದರು ಎನ್ನುವುದಕ್ಕಿಂತ ಪುರಾವೆ ಏನು ಎನ್ನುವುದು ಮುಖ್ಯ.

ಕೇಂಬ್ರಿಜ್‌ನಿಂದ ಕೊಲಾಬಾಕ್ಕೆ

ಈಗ ಶಿಷ್ಯರ ಕಥೆ. ಜಯಂತ ವಿಷ್ಣು ನಾರ್ಳೀಕರ್ ಹುಟ್ಟಿದ್ದು 1938ರ ಜುಲೈ 19ರಂದು, ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದಲ್ಲಿ. ತಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು, ತಾಯಿ ಸಂಸ್ಕೃತ ಬಲ್ಲವರು. ವಾರಾಣಸಿಯಲ್ಲಿ ಬೆಳೆದು, ಕೇಂಬ್ರಿಜ್‌ಗೆ ಹೋಗಿ, ಹಾಯ್ಲ್ ಅವರ ಕೈಕೆಳಗೆ ಸಂಶೋಧನೆ ಮಾಡಿ 1963ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಗುರು ಶಿಷ್ಯರು ಮಂಡಿಸಿದ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 1965ರಲ್ಲಿ ಭಾರತ ಸರಕಾರ ಪದ್ಮಭೂಷಣ ಕೊಟ್ಟಾಗ ಅವರಿಗಿನ್ನೂ 26 ವರ್ಷ!

1972ರಲ್ಲಿ, ಅಂದರೆ ಗುರುಗಳು ಕೇಂಬ್ರಿಜ್ ಬಿಟ್ಟ ವರ್ಷವೇ, ಶಿಷ್ಯರು ಮುಂಬಯಿಗೆ ಬಂದು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಹೋಮಿ ಭಾಭಾ 1945ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮೊದಲು ಕಣ್ಣು ಬಿಟ್ಟದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಬಂತು.

ಮುಚ್ಚಿಟ್ಟ ಹೆಸರು

ಮುಂಬಯಿಯ ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ವಿಜ್ಞಾನ ಕಥಾ ಸ್ಪರ್ಧೆ ಏರ್ಪಡಿಸಿತ್ತು. ಅಹಮದಾಬಾದಿನ ಗೋಷ್ಠಿಯೊಂದರಲ್ಲಿ ಭಾಷಣ ಬೇಸರ ತರಿಸುತ್ತಿದ್ದಾಗ ನಾರ್ಳೀಕರ್ ಕೈಗೆ ಸಿಕ್ಕ ಹಾಳೆಯ ಮೇಲೆ ಕಥೆ ಬರೆಯತೊಡಗಿದರು. ಅದೇ ‘ಕೃಷ್ಣವಿವರ’, ಅಂದರೆ ಕಪ್ಪುಕುಳಿ. ಆದರೆ ಅವರ ಹೆಸರು ಕಂಡರೆ ತೀರ್ಪುಗಾರರು ಕಥೆಯನ್ನು ಬಿಟ್ಟು ಹೆಸರಿಗೇ ಬಹುಮಾನ ಕೊಟ್ಟಾರು ಎಂಬ ಅಳುಕು. ಅದಕ್ಕೇ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರು ಕಟ್ಟಿದರು. ಕೈಬರಹದಿಂದಲೂ ಗುರುತು ಸಿಗಬಾರದೆಂದು ಗಣಿತಜ್ಞೆಯಾದ ಪತ್ನಿ ಮಂಗಳಾ ಅವರಿಂದ ನಕಲು ಮಾಡಿಸಿದರು. ಕಥೆಗೆ ಮೊದಲ ಬಹುಮಾನ ಬಂತು!

ಮರಾಠಿಯ ಹಿರಿಯ ಲೇಖಕಿ ದುರ್ಗಾ ಭಾಗವತ್ 1975ರ ಕರಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಈ ಹೊಸ ಬಗೆಯ ಬರವಣಿಗೆಯನ್ನು ಪ್ರಸ್ತಾಪಿಸಿದರು. ಮುಂದೆ ‘ಯಕ್ಷಾಂಚಿ ದೇಣಗಿ’ ಕಥಾಸಂಗ್ರಹ, ‘ಪ್ರೇಷಿತ’, ‘ವಾಮನ ಪರತ ನ ಆಲಾ’ ಕಾದಂಬರಿಗಳು ಬಂದವು. ಕೇಂಬ್ರಿಜ್‌ನಲ್ಲಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಹೆಸರಾದವರು, ಕಥೆಗೆ ಮಾತ್ರ ಮರಾಠಿಯನ್ನು ಆರಿಸಿಕೊಂಡರು. ಆತ್ಮಕಥೆಯನ್ನೂ ಮರಾಠಿಯಲ್ಲೇ ಬರೆದರು. ವಾರಾಣಸಿ, ಕೇಂಬ್ರಿಜ್, ಮುಂಬಯಿ, ಪುಣೆ ಈ ನಾಲ್ಕು ನಗರಗಳ ಆ ಕಥನಕ್ಕೆ 2014ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 2021ರ ನಾಶಿಕದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಲಾಯಿತು.

ಗುರುವಿನಂತೆ ಇವರೂ ಸಂಸ್ಥೆ ಕಟ್ಟಿದರು. 1988ರಲ್ಲಿ ಪುಣೆಯಲ್ಲಿ ಆರಂಭವಾದ ‘ಅಯುಕಾ’ ಖಗೋಳ ವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿ 2003ರವರೆಗೆ ಅದನ್ನು ನಡೆಸಿದರು. 2025ರ ಮೇ 20ರಂದು ಪುಣೆಯಲ್ಲಿ ನಿಧನರಾದರು.

ಆಕಾಶದಲ್ಲಿ ಗುರುವಿನ ಹೆಸರು

ಜೀವದ ಬೀಜ ಮೇಲಿನಿಂದ ಬಂದಿರಬಹುದೇ ಎಂಬ ಗುರುವಿನ ಪ್ರಶ್ನೆಯನ್ನು ಶಿಷ್ಯರು ಪರೀಕ್ಷೆಗೆ ಒಡ್ಡಿದರು. ಇಸ್ರೋ ನೆರವಿನಿಂದ 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಭಾರಿ ಬಲೂನೊಂದನ್ನು ಹಾರಿಸಿ, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಸಂಗ್ರಹಿಸಲಾಯಿತು. ಯೋಜನೆಯ ಪ್ರಧಾನ ಸಂಶೋಧಕರು ನಾರ್ಳೀಕರ್. ಮಾರ್ಗದರ್ಶಕರಲ್ಲಿ ಒಬ್ಬರು ಉಡುಪಿ ಬಳಿಯ ಅದಮಾರಿನವರಾದ ನಮ್ಮ ಯು. ಆರ್. ರಾವ್! ಆರ್ಯಭಟ ಉಪಗ್ರಹದ ರೂವಾರಿ ಅವರೇ.

2009ರಲ್ಲಿ ಫಲಿತಾಂಶ ಹೊರಬಿತ್ತು. ಭೂಮಿಯಲ್ಲಿ ಅದುವರೆಗೆ ಕಾಣದ, ಅತಿನೇರಳೆ ಕಿರಣಗಳನ್ನು ಚೆನ್ನಾಗಿ ತಡೆದುಕೊಳ್ಳುವ ಮೂರು ಹೊಸ ಬ್ಯಾಕ್ಟೀರಿಯಾ ಜಾತಿಗಳು ಸಿಕ್ಕಿದ್ದವು. ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು, ಮತ್ತೊಂದಕ್ಕೆ ‘ಜಾನಿಬ್ಯಾಕ್ಟರ್ ಹಾಯ್ಲೈ’ ಎಂದು ಫ್ರೆಡ್ ಹಾಯ್ಲ್ ಅವರ ಹೆಸರು. ಇವು ಬೇರೆ ಲೋಕದಿಂದ ಬಂದವೆಂದು ಇದರಿಂದ ಖಚಿತವಾಗುವುದಿಲ್ಲ ಎಂದು ಇಸ್ರೋ ಅಂದೇ ತಿಳಿಸಿತು. ಗುರುವಿನ ಮೇಲಿನ ಪ್ರೀತಿ ಹೆಸರಿನಲ್ಲಿ ಉಳಿಯಿತು. ತೀರ್ಮಾನವನ್ನು ಮಾತ್ರ ಪುರಾವೆಗೆ ಬಿಟ್ಟುಕೊಟ್ಟರು.

ನಮ್ಮ ಮನೆಯ ಮಾತು

ಕನ್ನಡಕ್ಕೂ ಈ ದಾರಿ ಹೊಸತಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ರಚಿಸಿದರು. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನ ಕಥೆ, ಕಾದಂಬರಿಗಳನ್ನು ಬೆಳೆಸಿದರು. ನಮ್ಮ ಮುಂಬಯಿಯಲ್ಲೇ ಪಾಲಿಮರ್ ತಂತ್ರಜ್ಞರಾಗಿ ದುಡಿದ ಯಶವಂತ ಚಿತ್ತಾಲರು ‘ಶಿಕಾರಿ’ಯಂಥ ಕಾದಂಬರಿ ಕೊಟ್ಟರು. ವಿಜ್ಞಾನದ ನೌಕರಿಯೂ ಕನ್ನಡದ ಬರವಣಿಗೆಯೂ ಒಂದೇ ಕೈಯಲ್ಲಿ ಇರಬಲ್ಲವು ಎಂದು ಈ ಊರಿಗೆ ಚೆನ್ನಾಗಿ ಗೊತ್ತು.

ದಹಿಸರ್‌ನಲ್ಲೋ ಬೋರಿವಲಿಯಲ್ಲೋ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆ, ಬೀದಿಯಲ್ಲಿ ಹಿಂದಿ, ಮರಾಠಿ ಆಡುತ್ತಾರೆ. ಕನ್ನಡ ಉಳಿಯುವುದು ಅಡುಗೆಮನೆಗೆ, ಹಬ್ಬಕ್ಕೆ, ಊರಿನ ಫೋನಿಗೆ. ಹೀಗಾದಾಗ ಮಗುವಿಗೆ ಅನಿಸುವುದು ಏನು? ಅಜ್ಜಿಯ ಭಾಷೆಯಲ್ಲಿ ದೇವರ ಕಥೆ ಇದೆ, ತಿಂಡಿಯ ಹೆಸರಿದೆ, ಆದರೆ ನಕ್ಷತ್ರ ಉರಿಯುವ ಬಗೆ ಇಲ್ಲ ಎಂದು. ಅದು ನಿಜವಲ್ಲ. ನಾವು ಹೇಳದೆ ಬಿಟ್ಟಿದ್ದೇವೆ, ಅಷ್ಟೆ.

ಹಾಯ್ಲ್ ಎರಡು ಪದದಲ್ಲಿ ವಿಶ್ವದ ಆರಂಭವನ್ನು ಕೇಳುಗರ ಕಣ್ಮುಂದೆ ತಂದರು. ನಾರ್ಳೀಕರ್ ಕಪ್ಪುಕುಳಿಯನ್ನು ಮನೆಮಾತಿನ ಕಥೆ ಮಾಡಿದರು. ನಾವು ಅಷ್ಟು ದೊಡ್ಡದು ಮಾಡಬೇಕಿಲ್ಲ. ಮುಂದಿನ ಸಲ ಮಗುವಿನ ತಟ್ಟೆಗೆ ಇಡ್ಲಿ ಹಾಕುವಾಗ, ಇದರೊಳಗಿನ ಇಂಗಾಲ ಒಂದಾನೊಂದು ನಕ್ಷತ್ರದ ಒಲೆಯಲ್ಲಿ ಬೆಂದದ್ದು ಎಂದು ಕನ್ನಡದಲ್ಲೇ ಹೇಳಿ. ಮೂರು ಹೀಲಿಯಂ ಕೂಡಬೇಕಿತ್ತು ಎಂಬಲ್ಲಿಗೆ ಬಂದಾಗ ಮಗು ‘ಹೇಗೆ?’ ಎಂದು ಕೇಳಿಯೇ ಕೇಳುತ್ತದೆ. ರೇಡಿಯೋದ ಗುಂಡಿ ತಿರುಗಿಸಿ ತೋರಿಸಿ. ಮಗು ಕೇಳಿದ ಪ್ರಶ್ನೆಗಳನ್ನು ನಮಗೂ ಬರೆದು ಕಳಿಸಿ. ಉತ್ತರವನ್ನು ಕನ್ನಡದಲ್ಲೇ ಹುಡುಕೋಣ.